ಸಭೆ ಕೆಡಿಸುವ ಸದಸ್ಯರನ್ನು ಸಂಘ ನಿಭಾಯಿಸುವುದು ಹೇಗೆ?

ಶ್ರಾವಣ ಮುಗಿಯುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಸಂಘ-ಸಂಸ್ಥೆಗಳ ವಾರ್ಷಿಕ ಸರ್ವಸಾಧಾರಣ ಸಭೆಗಳು ಒಂದರ ಹಿಂದೊಂದು ಶುರುವಾಗುತ್ತವೆ. ವಕೀಲರು, ವೈದ್ಯರು, ಎಂಜಿನಿಯರುಗಳು, ಲೆಕ್ಕ ಪರಿಶೋಧಕರು, ಔಷಧ ವ್ಯಾಪಾರಿಗಳು, ಹೀಗೆ ಒಂದೊಂದು ವೃತ್ತಿಯವರಿಗೂ ಅವರವರ ಸಂಘದಿಂದ ನೋಟಿಸು ಬರುತ್ತದೆ. ಅದನ್ನು ಓದಿದ ಹಲವರು ಮೊದಲು ಕೇಳುವುದು, ‘ಈ ಸಲಾನೂ ಅವರು ಬರತಾರೇನ್ರಿ?’ ಎಂದು. ‘ಅವರು’ ಎಂದರೆ ಹೋದ ವರ್ಷ ಮೈಕು ಹಿಡಿದು ಬಿಡದವರು, ವೇದಿಕೆಯ ಮುಂದೆ ನಿಂತು ಇನ್ನೊಬ್ಬರಿಗೆ ಬಾಯಿ ತೆರೆಯಲು ಕೊಡದವರು. ಅವರು ಬರುತ್ತಾರೆಂದು ತಿಳಿದರೆ ಇವರು ಮನೆಯಲ್ಲೇ ಉಳಿಯುತ್ತಾರೆ.

ಸಂಘ ಕಟ್ಟುವುದರಲ್ಲಿ ಈ ಸೀಮೆಗೆ ಹಳೆಯ ಅನುಭವವಿದೆ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾದದ್ದು 1905ರಲ್ಲಿ, ಅಂದರೆ ದೇಶದಲ್ಲಿ ಅದಕ್ಕೆಂದೇ ಕಾಯ್ದೆ ಬಂದ ಮರುವರ್ಷವೇ. ಆದರೂ ಸಭೆ ಕೆಡಿಸುವವರ ವಿಷಯದಲ್ಲಿ ಏನು ಮಾಡಬೇಕು ಎಂಬುದಕ್ಕೆ ನಾನು ನೋಡಿದ ಅನೇಕ ಸಂಘಗಳ ಬೈಲಾದಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಸಿಕ್ಕಿಲ್ಲ. ಬೈಲಾ ಎಂದರೆ ಸಂಘವು ತನ್ನ ನಡವಳಿಕೆಗಾಗಿ ತಾನೇ ಬರೆದುಕೊಂಡು ಸದಸ್ಯರೆಲ್ಲ ಒಪ್ಪಿಕೊಂಡ ನಿಯಮಾವಳಿ. ಆ ಒಂದು ಸಾಲು ಎಷ್ಟು ದುರ್ಬಲ ಎಂಬುದು ನನಗೆ ತಿಳಿದದ್ದು ನಾನು ಕಾರ್ಯದರ್ಶಿಯಾಗಿದ್ದ ಕಾಲದಲ್ಲಿ.

ಒಂದು ಭಾನುವಾರದ ಸಭೆ

ಕೆಲವು ವರ್ಷಗಳ ಹಿಂದಿನ ಮಾತು. ಹುಬ್ಬಳ್ಳಿಯ ಒಂದು ಸಭಾಂಗಣದಲ್ಲಿ ನಮ್ಮ ವೃತ್ತಿಯ ಸಂಘದ ವಾರ್ಷಿಕ ಸಭೆ ನಡೆದಿತ್ತು. ಹಾಜರಿ ಪುಸ್ತಕದಲ್ಲಿ 62 ಸಹಿಗಳಿದ್ದವು. ಲೆಕ್ಕಪತ್ರದ ವಿಷಯ ಬಂದಾಗ ಹಿರಿಯ ಸದಸ್ಯರೊಬ್ಬರು ವೈರಿಲ್ಲದ ಮೈಕನ್ನು ತೆಗೆದುಕೊಂಡು ವೇದಿಕೆಯ ಎದುರಿಗೆ ಬಂದು ನಿಂತರು. ‘ನಾ ಕೇಳಿದ್ದಕ್ಕ ಮೊದಲ ಉತ್ತರ ಕೊಡ್ರಿ, ಆಮ್ಯಾಲೆ ಮುಂದಿನ ವಿಷಯ’ ಎಂದರು. ಖಜಾಂಚಿ ಉತ್ತರ ಕೊಡಲು ಎದ್ದರು. ಎರಡು ವಾಕ್ಯ ಮುಗಿಯುವ ಮೊದಲೇ ಅವರ ಮಾತನ್ನು ಕತ್ತರಿಸಲಾಯಿತು. ಪ್ರಶ್ನೆ ಮತ್ತೆ ಬಂತು, ಉತ್ತರವೂ ಮತ್ತೆ ತುಂಡಾಯಿತು. ಕಾಲು ಗಂಟೆಯ ನಂತರ ಮಾತು ಲೆಕ್ಕಪತ್ರವನ್ನು ಬಿಟ್ಟು ಖಜಾಂಚಿಯವರ ಮನೆತನದ ಕಡೆಗೆ ತಿರುಗಿತು. ಇದೆಲ್ಲ 40 ನಿಮಿಷ ನಡೆಯಿತು.

ಎರಡನೆಯ ಸಾಲಿನಲ್ಲಿ ಆ ವರ್ಷವಷ್ಟೇ ಸದಸ್ಯರಾಗಿದ್ದ ತರುಣಿಯೊಬ್ಬರು ಕುಳಿತಿದ್ದರು. ಏನನ್ನೋ ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ನೋಡನೋಡುತ್ತಿದ್ದಂತೆ ಅವರು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡು ಬಾಗಿಲ ಕಡೆಗೆ ನಡೆದರು. ಠರಾವಿಗೆ ಕೈ ಎತ್ತಿಸುವ ಹೊತ್ತಿಗೆ ನಾನು ತಲೆ ಎಣಿಸಿದರೆ 31 ಜನ ಉಳಿದಿದ್ದರು.

ಆಮೇಲೆ ನಾವು ಮಾಡಿದ ತಪ್ಪು ಇನ್ನೂ ದೊಡ್ಡದು. ಸಿಟ್ಟಿನಲ್ಲಿ ಯಾರೋ ‘ಇವರನ್ನ ಸಂಘದಿಂದ ತೆಗೀರಿ’ ಎಂದರು, ಹತ್ತು ಜನ ಹೌದೆಂದರು, ನಾನು ಅದನ್ನೇ ಠರಾವು ಎಂದು ನಡಾವಳಿ ಪುಸ್ತಕದಲ್ಲಿ ಬರೆದೆ. ಹದಿನೈದು ದಿನದಲ್ಲಿ ಅವರ ವಕೀಲರಿಂದ ನೋಟಿಸು ಬಂತು. ಬೈಲಾ ತೆರೆದು ನೋಡಿದರೆ ಅಲ್ಲಿದ್ದದ್ದು ‘ಸಂಘದ ಹಿತಕ್ಕೆ ಧಕ್ಕೆ ತರುವ ಸದಸ್ಯರನ್ನು ತೆಗೆದುಹಾಕಬಹುದು’ ಎಂಬ ಒಂದೇ ಸಾಲು. ಧಕ್ಕೆ ಎಂದರೇನು, ಅದನ್ನು ಯಾರು ತೀರ್ಮಾನಿಸಬೇಕು, ಎಷ್ಟು ದಿನ ಮೊದಲು ತಿಳಿಸಬೇಕು, ಸದಸ್ಯರ ಉತ್ತರವನ್ನು ಯಾರು ಕೇಳಬೇಕು ಎಂಬ ಯಾವ ವಿವರವೂ ಇರಲಿಲ್ಲ. ಠರಾವನ್ನು ನಾವೇ ಹಿಂಪಡೆಯಬೇಕಾಯಿತು. ಜಗಳ ಹುಟ್ಟಿದ ಮೇಲೆ ನಿಯಮ ಹುಡುಕಲು ಹೊರಟವರಿಗೆ ನಿಯಮ ಸಿಗುವುದಿಲ್ಲ, ಸಿಕ್ಕರೂ ಅದನ್ನು ಯಾರೂ ನಂಬುವುದಿಲ್ಲ ಎಂಬುದನ್ನು ನಾನು ಕಲಿತದ್ದು ಹಾಗೆ.

ಗದ್ದಲ ಯಾವುದು, ಭಿನ್ನಾಭಿಪ್ರಾಯ ಯಾವುದು

ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ. ಆಡಳಿತ ಮಂಡಳಿಗೆ ಇಷ್ಟವಾಗದ ಪ್ರಶ್ನೆ ಕೇಳುವುದು ಗದ್ದಲವಲ್ಲ. ಕಟುವಾಗಿ ಕೇಳುವುದೂ, ಪ್ರತಿ ವರ್ಷ ಅದೇ ಪ್ರಶ್ನೆ ಕೇಳುವುದೂ, ಎಲ್ಲರೂ ಕೈ ಎತ್ತಿದಾಗ ಒಬ್ಬರೇ ವಿರೋಧಿಸಿ ತಮ್ಮ ವಿರೋಧವನ್ನು ದಾಖಲಿಸಿರೆಂದು ಹಟ ಹಿಡಿಯುವುದೂ ಗದ್ದಲವಲ್ಲ. ಅವೆಲ್ಲ ಸದಸ್ಯರ ಹಕ್ಕು, ಸಂಘ ಜೀವಂತವಾಗಿದೆ ಎಂಬುದರ ಗುರುತು ಕೂಡ.

ಒಬ್ಬರ ವರ್ತನೆಯಿಂದ ಉಳಿದವರು ತಮ್ಮ ಹಕ್ಕನ್ನು ಚಲಾಯಿಸುವುದು ಅಸಾಧ್ಯವಾದಾಗ ಅದು ಗದ್ದಲವಾಗುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಎಂಬ ತ್ವರಿತ ಬಸ್ಸುಗಳ ಪ್ರತ್ಯೇಕ ಪಥವನ್ನು ನೆನಪಿಸಿಕೊಂಡರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಯಾರು ಬೇಕಾದರೂ ಹೋಗಬಹುದು, ಎಷ್ಟು ಸಲ ಬೇಕಾದರೂ ಹೋಗಬಹುದು. ಆದರೆ ಒಂದು ಗಾಡಿ ಚಿಗರಿಯ ಪಥದಲ್ಲಿ ಅಡ್ಡ ನಿಂತರೆ ಹಿಂದಿನ ಬಸ್ಸುಗಳೆಲ್ಲ ಒಂದರ ಬೆನ್ನಿಗೊಂದು ನಿಲ್ಲುತ್ತವೆ. ಆಗ ಆ ಗಾಡಿಯವರು ಎಲ್ಲಿಗೆ ಹೊರಟಿದ್ದರು, ಅವರ ಕೆಲಸ ಎಷ್ಟು ಮುಖ್ಯ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಮೊದಲು ಗಾಡಿ ಪಕ್ಕಕ್ಕೆ ಸರಿಯಬೇಕು.

ಆದ್ದರಿಂದ ಒಳ್ಳೆಯ ನಿಯಮವು ಅಭಿಪ್ರಾಯವನ್ನು ಮುಟ್ಟದೆ ವರ್ತನೆಯನ್ನಷ್ಟೇ ಹೆಸರಿಸುತ್ತದೆ. ‘ಸಂಘದ ಗೌರವಕ್ಕೆ ಕುಂದು ತರುವ ಮಾತು’ ಎಂದು ಬರೆದರೆ ಆಡಳಿತ ಮಂಡಳಿಯನ್ನು ಟೀಕಿಸಿದವರೆಲ್ಲ ಅದರೊಳಗೆ ಸಿಕ್ಕಿಬೀಳುತ್ತಾರೆ. ‘ಇನ್ನೊಬ್ಬರು ಮಾತನಾಡುವಾಗ ಪದೇ ಪದೇ ಅಡ್ಡಬರುವುದು, ಅಧ್ಯಕ್ಷರು ಕೇಳಿದ ಮೇಲೂ ಮೈಕು ಬಿಡದಿರುವುದು, ಸದಸ್ಯರ ಜಾತಿ, ಲಿಂಗ, ಕುಟುಂಬ ಅಥವಾ ರೂಪದ ಬಗ್ಗೆ ಮಾತನಾಡುವುದು, ಬೆದರಿಕೆ ಹಾಕುವುದು, ತೀರ್ಮಾನವಾದ ವಿಷಯವನ್ನು ಅದೇ ಸಭೆಯಲ್ಲಿ ಮತ್ತೆ ಮತ್ತೆ ಎತ್ತುವುದು’ ಎಂದು ಬಿಡಿಸಿ ಬರೆದರೆ, ಬಂದವರೆಲ್ಲರೂ ತಮ್ಮ ಕಣ್ಣು ಕಿವಿಯಿಂದಲೇ ಅಳೆಯಬಹುದಾದ ಅಳತೆಗೋಲು ಸಿಗುತ್ತದೆ.

ಕಾಣದ ನಷ್ಟ

62 ಜನ ಕುಳಿತ ಸಭೆಯಲ್ಲಿ 40 ನಿಮಿಷ ವ್ಯರ್ಥವಾಯಿತೆಂದರೆ ವ್ಯರ್ಥವಾದದ್ದು ಬರಿಯ 40 ನಿಮಿಷವಲ್ಲ. ಗುಣಿಸಿದರೆ 2480 ನಿಮಿಷ, ಅಂದರೆ 41 ಗಂಟೆಗೂ ಹೆಚ್ಚು. ಆದರೆ ಹೊತ್ತಿಗಿಂತ ದೊಡ್ಡ ನಷ್ಟ ಎದ್ದುಹೋದ ಆ 31 ಜನ. ಅವರು ದೂರು ಕೊಡುವುದಿಲ್ಲ, ಪತ್ರ ಬರೆಯುವುದಿಲ್ಲ, ಮುಂದಿನ ವರ್ಷ ವರ್ಗಣಿ ತುಂಬುವುದನ್ನು ಬಿಡುತ್ತಾರೆ. ಮೊದಲು ಹೋಗುವವರು ಸಾಮಾನ್ಯವಾಗಿ ಹೊಸಬರು ಮತ್ತು ಹೆಣ್ಣುಮಕ್ಕಳು, ಏಕೆಂದರೆ ಗದರಿಸಿ ಮಾತನಾಡುವ ರೂಢಿಯಾಗಲಿ, ಹಳೆಯ ಗೆಳೆಯರ ಬೆಂಬಲವಾಗಲಿ ಅವರಿಗಿರುವುದಿಲ್ಲ. ಗದ್ದಲ ಮಾಡಿದವರ ಹಕ್ಕಿನ ಬಗ್ಗೆ ಸಭೆಯಲ್ಲಿ ಎಲ್ಲರೂ ಚರ್ಚಿಸುತ್ತಾರೆ. ಬಾಗಿಲು ದಾಟಿ ಹೋದವರ ಹಕ್ಕಿನ ಪರವಾಗಿ ಮಾತನಾಡಲು ಒಳಗೆ ಯಾರೂ ಇರುವುದಿಲ್ಲ. ಶಿಸ್ತಿನ ನಿಯಮ ಬೇಕಾಗಿರುವುದು ಮುಖ್ಯವಾಗಿ ಅವರಿಗಾಗಿ.

ಸಂಘಕ್ಕೆ ಈ ಅಧಿಕಾರ ಎಲ್ಲಿಂದ ಬರುತ್ತದೆ

ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಇಂಥ ಸಂಘಗಳು ಹೆಚ್ಚಾಗಿ ನೋಂದಣಿಯಾಗುವುದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ. ನೋಂದಣಿಗೆ ಕನಿಷ್ಠ ಏಳು ಜನ ಬೇಕು. ಸಂಘದ ಉದ್ದೇಶಗಳ ಪತ್ರದ ಜೊತೆಗೆ ನಿಯಮಾವಳಿಯನ್ನೂ ಸಲ್ಲಿಸಬೇಕು. ಸದಸ್ಯರಾಗುವವರು ಅರ್ಜಿಗೆ ಸಹಿ ಹಾಕುವುದೆಂದರೆ ಆ ನಿಯಮಾವಳಿಗೆ ಸಹಿ ಹಾಕಿದಂತೆ. ಅಂದರೆ ಅದು ಸದಸ್ಯರಿಗೂ ಸಂಘಕ್ಕೂ ನಡುವಿನ ಒಂದು ಕರಾರು.

ಈ ಮಾತನ್ನು ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದ ಪ್ರಕರಣ ನಮ್ಮ ನೆರೆಯ ಬೆಳಗಾವಿಯದು. ಅಲ್ಲಿನ ಲಾಡ್ಜ್ ವಿಕ್ಟೋರಿಯಾ ಎಂಬ ಫ್ರೀಮೇಸನ್ ಸಂಘ ತನ್ನ ಸದಸ್ಯರಾದ ಟಿ.ಪಿ. ದಾವರ್ ಅವರನ್ನು ಹೊರಹಾಕಿತ್ತು. 1963ರ ಕಾನೂನು ವರದಿಗಳಲ್ಲಿ ಪ್ರಕಟವಾದ ಆ ತೀರ್ಪಿನ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು: ಸಂಘಕ್ಕೆ ಸೇರಿದವರು ಅದರ ನಿಯಮಗಳಿಗೆ ಬದ್ಧರು, ಆದರೆ ಹೊರಹಾಕುವಂಥ ಗಂಭೀರ ಹೆಜ್ಜೆ ಇಡುವಾಗ ಸಂಘವೂ ಅದೇ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಸದುದ್ದೇಶದಿಂದ ನಡೆದುಕೊಳ್ಳಬೇಕು, ಸದಸ್ಯರಿಗೆ ತಮ್ಮ ಮಾತು ಹೇಳಿಕೊಳ್ಳಲು ಅವಕಾಶ ಕೊಡಬೇಕು. ಇಷ್ಟು ಸರಿಯಾಗಿದ್ದರೆ ಸಂಘದ ತೀರ್ಮಾನದ ಮೇಲೆ ನ್ಯಾಯಾಲಯ ಮೇಲ್ಮನವಿಯ ಪೀಠದಂತೆ ಕೂಡ್ರುವುದಿಲ್ಲ. ಆ ಭಾನುವಾರ ನಮ್ಮಲ್ಲಿ ಇದರಲ್ಲಿ ಒಂದೂ ಆಗಿರಲಿಲ್ಲ.

ಇಲ್ಲೊಂದು ಗೊಂದಲವನ್ನು ನಿವಾರಿಸಬೇಕು. ವೃತ್ತಿಯ ಸಂಘದಿಂದ ಹೊರಹೋಗುವುದು ಬೇರೆ, ವೃತ್ತಿ ಮಾಡುವ ಸನದು ಕಳೆದುಕೊಳ್ಳುವುದು ಬೇರೆ. ವಕೀಲರ ಉದಾಹರಣೆ ತೆಗೆದುಕೊಂಡರೆ, ಊರಿನ ವಕೀಲರ ಸಂಘ ತನ್ನ ಸದಸ್ಯತ್ವವನ್ನು ರದ್ದು ಮಾಡಬಹುದು. ಆದರೆ ವಕಾಲತ್ತು ಮಾಡದಂತೆ ತಡೆಯುವ ಅಧಿಕಾರ ಇರುವುದು ವಕೀಲರ ಕಾಯ್ದೆ, 1961ರ 35ನೆಯ ಕಲಮಿನಂತೆ ವಕೀಲರ ಪರಿಷತ್ತಿನ ಶಿಸ್ತು ಸಮಿತಿಗೆ. ಸಿಟ್ಟಿನ ಭರದಲ್ಲಿ ‘ನಿಮ್ಮ ಸನದು ತೆಗಸ್ತೀನಿ’ ಎಂದು ಸಂಘದ ಪದಾಧಿಕಾರಿ ಹೇಳಿದರೆ ಅದು ತನಗಿಲ್ಲದ ಅಧಿಕಾರದ ಬೆದರಿಕೆಯಾಗುತ್ತದೆ.

ಅಧ್ಯಕ್ಷತೆ ಎಂಬ ಕೆಲಸ

ಶಿಸ್ತುಕ್ರಮ ಎಂದೊಡನೆ ನಮಗೆ ನೋಟಿಸು, ಅಮಾನತು ನೆನಪಾಗುತ್ತವೆ. ನಿಜವಾಗಿ ಹೆಚ್ಚಿನ ಗದ್ದಲ ಅಲ್ಲಿಯವರೆಗೆ ಹೋಗಬೇಕಾದದ್ದೇ ಇಲ್ಲ. ಮೊದಲ ಐದು ನಿಮಿಷದಲ್ಲಿ ಅಧ್ಯಕ್ಷತೆ ವಹಿಸಿದವರು ಏನು ಮಾಡುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಅಮೆರಿಕದ ಸೇನೆಯ ಎಂಜಿನಿಯರ್ ಹೆನ್ರಿ ಮಾರ್ಟಿನ್ ರಾಬರ್ಟ್ 1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಊರಿನಲ್ಲಿ ಒಂದು ಸಭೆಯ ಅಧ್ಯಕ್ಷತೆ ವಹಿಸಬೇಕಾಗಿ ಬಂದು, ಅದು ಕೈತಪ್ಪಿ ಗದ್ದಲವಾದ್ದನ್ನು ಕಂಡು ನೊಂದರು. ಇನ್ನು ಮುಂದೆ ಸಭೆಯ ನಿಯಮ ತಿಳಿಯದೆ ಆ ಕುರ್ಚಿಯಲ್ಲಿ ಕೂಡ್ರುವುದಿಲ್ಲ ಎಂದು ನಿಶ್ಚಯಿಸಿ ಅಧ್ಯಯನಕ್ಕೆ ತೊಡಗಿದ ಅವರು 1876ರಲ್ಲಿ ಸಭಾ ನಿಯಮಗಳ ಒಂದು ಕೈಪಿಡಿಯನ್ನು ಪ್ರಕಟಿಸಿದರು. ಜಗತ್ತಿನ ಬಹಳಷ್ಟು ಸಂಘಗಳು ಇಂದಿಗೂ ಅದರಿಂದ ಎರವಲು ಪಡೆಯುತ್ತವೆ. ಅದರ ತಿರುಳಿನಲ್ಲಿ ಮೂರು ಮಾತು ನಮ್ಮ ಸಭೆಗಳಿಗೆ ನೇರವಾಗಿ ಹೊಂದುತ್ತವೆ. ಯಾರೇ ಮಾತನಾಡಲಿ, ಅಧ್ಯಕ್ಷರನ್ನು ಉದ್ದೇಶಿಸಿಯೇ ಮಾತನಾಡಬೇಕು. ಒಂದು ವಿಷಯದ ಮೇಲೆ ಇನ್ನೂ ಮಾತನಾಡದವರು ಕೈ ಎತ್ತಿರುವಾಗ ಒಮ್ಮೆ ಮಾತನಾಡಿದವರಿಗೆ ಎರಡನೆಯ ಸರದಿ ಇಲ್ಲ. ಸಲಹೆಯನ್ನು ಎಷ್ಟು ಬೇಕಾದರೂ ಖಂಡಿಸಬಹುದು, ಸಲಹೆ ಕೊಟ್ಟವರ ಉದ್ದೇಶವನ್ನು ಶಂಕಿಸುವಂತಿಲ್ಲ.

ಮೊದಲನೆಯದು ಬರಿಯ ಶಿಷ್ಟಾಚಾರದಂತೆ ಕಾಣುತ್ತದೆ, ಆದರೆ ಅದರ ಕೆಲಸ ದೊಡ್ಡದು. ‘ಖಜಾಂಚಿಯವರ, ನೀವು ಸುಳ್ಳ ಹೇಳಾಕತ್ತೀರಿ’ ಎಂದು ಎದುರಾಬದುರು ನಿಂತಾಗ ಅದು ಇಬ್ಬರ ಜಗಳ. ‘ಅಧ್ಯಕ್ಷರ, ಖಜಾಂಚಿಯವರು ಕೊಟ್ಟ ಅಂಕಿ ಸರಿ ಇಲ್ಲ ಅಂತ ನನಗ ಅನಸ್ತದ’ ಎಂದಾಗ ಅದು ಸಭೆಯ ಮುಂದಿನ ಪ್ರಶ್ನೆ. ನಡುವೆ ಮೂರನೆಯವರೊಬ್ಬರು ಇರುವುದರಿಂದ ದನಿ ತಾನಾಗಿಯೇ ಇಳಿಯುತ್ತದೆ. ಹಳ್ಳಿಯಲ್ಲಿ ದೈವದ ಕಟ್ಟೆಯ ಮೇಲೆ ಪಂಚರು ಕೂತಾಗಲೂ ವಾದಿ-ಪ್ರತಿವಾದಿಗಳು ಪಂಚರ ಕಡೆಗೆ ಮುಖ ಮಾಡಿ ಮಾತನಾಡುವುದು ಇದೇ ಕಾರಣಕ್ಕೆ.

ಅಧ್ಯಕ್ಷರು ಆಡುವ ವಾಕ್ಯವೂ ಮುಖ್ಯ. ‘ನಿಮ್ಮದು ಯಾವಾಗಲೂ ಇದೇ ಹಾಡು’ ಎಂದರೆ ಅದು ವ್ಯಕ್ತಿಯ ಮೇಲಿನ ತೀರ್ಪು; ಅದಕ್ಕೆ ಉತ್ತರ ಕೊಡಲೇಬೇಕೆಂದು ಅವರಿಗೆ ಅನಿಸುತ್ತದೆ. ‘ಸರ್, ನಿಮ್ಮ ಪ್ರಶ್ನೆ ನಡಾವಳಿಯಲ್ಲಿ ಬರೆದಾಗಿದೆ. ಖಜಾಂಚಿಯವರ ಉತ್ತರ ಮುಗಿಯಲಿ, ಆಮೇಲೆ ನಿಮಗೆ ಇನ್ನೊಂದು ಅವಕಾಶ ಇದೆ’ ಎಂದರೆ ಮರ್ಯಾದೆ ಉಳಿಸಿಕೊಂಡು ಕೂಡ್ರಲು ಅವರಿಗೊಂದು ದಾರಿ ತೆರೆಯುತ್ತದೆ. ಹಾಗೂ ಆಗದಿದ್ದರೆ ಸಭೆಯನ್ನು ಹತ್ತು ನಿಮಿಷ ಮುಂದೂಡಿ ಚಹಾ ತರಿಸಬೇಕು. ಆ ಹತ್ತು ನಿಮಿಷದಲ್ಲಿ ಅವರು ಗೌರವಿಸುವ ಹಿರಿಯರೊಬ್ಬರು ಅವರನ್ನು ಪಕ್ಕಕ್ಕೆ ಕರೆದು ಮಾತನಾಡಿದರೆ ಆಗುವ ಕೆಲಸ ವೇದಿಕೆಯಿಂದ ಗದರಿಸಿದರೆ ಆಗುವುದಿಲ್ಲ. ಇನ್ನೊಂದು ಸಣ್ಣ ವಿಷಯ: ಕೈಯಿಂದ ಕೈಗೆ ಹೋಗುವ ಮೈಕಿಗಿಂತ ಸ್ಟ್ಯಾಂಡಿಗೆ ಕೂರಿಸಿದ ಮೈಕು ಒಳ್ಳೆಯದು. ಮಾತನಾಡುವವರು ಅಲ್ಲಿಗೆ ಬಂದು, ಮಾತು ಮುಗಿಸಿ, ಹಿಂತಿರುಗುತ್ತಾರೆ.

ಒಂದೊಂದೇ ಮೆಟ್ಟಿಲು

ಇಷ್ಟಾದರೂ ವರ್ತನೆ ಬದಲಾಗದಿದ್ದರೆ ಶಿಸ್ತುಕ್ರಮ ಬರುತ್ತದೆ. ಅದರ ಮೂಲತತ್ವ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಸಭೆಯ ಹೊರಗೆ ಖಾಸಗಿಯಾಗಿ ಹೇಳುವುದು, ನಂತರ ಲಿಖಿತ ಎಚ್ಚರಿಕೆ, ನಂತರ ಆ ಒಂದು ಸಭೆಯಿಂದ ಹೊರಹೋಗಲು ಸೂಚನೆ, ಅದಕ್ಕೂ ಮೇಲೆ ನಿಗದಿತ ಅವಧಿಯ ಅಮಾನತು, ಎಲ್ಲಕ್ಕೂ ಕೊನೆಯಲ್ಲಿ ಉಚ್ಚಾಟನೆ. ಹೊಡೆದಾಟ ಅಥವಾ ಬೆದರಿಕೆಯಂಥ ಸಂದರ್ಭದಲ್ಲಿ ಮಾತ್ರ ಕೆಳಗಿನ ಮೆಟ್ಟಿಲುಗಳನ್ನು ಬಿಟ್ಟು ನೇರವಾಗಿ ಮೇಲೇರಬಹುದೆಂದು ನಿಯಮದಲ್ಲೇ ಬರೆದಿರಬೇಕು.

ನಮ್ಮ ಲೋಕಸಭೆಯ ನಿಯಮಗಳಲ್ಲೂ ಇದೇ ಏರಿಕೆ ಕಾಣುತ್ತದೆ. 373ನೆಯ ನಿಯಮದಂತೆ ಸಭಾಧ್ಯಕ್ಷರು ಸದಸ್ಯರನ್ನು ಆ ದಿನದ ಮಟ್ಟಿಗೆ ಹೊರಹೋಗಲು ಹೇಳಬಹುದು. ಅದಕ್ಕಿಂತ ಹೆಚ್ಚಿನದು ಬೇಕಾದರೆ 374ನೆಯ ನಿಯಮದಂತೆ ಸದಸ್ಯರ ಹೆಸರನ್ನು ಹೇಳಿ, ಸದನದ ಮುಂದೆ ಪ್ರಸ್ತಾಪ ಇಟ್ಟು, ಹೆಚ್ಚೆಂದರೆ ಅಧಿವೇಶನ ಮುಗಿಯುವವರೆಗೆ ಅಮಾನತು ಮಾಡಬಹುದು. ಸಣ್ಣ ಕ್ರಮವನ್ನು ಒಬ್ಬರು ಕೈಗೊಳ್ಳಬಹುದು, ದೊಡ್ಡ ಕ್ರಮಕ್ಕೆ ಸದನದ ಒಪ್ಪಿಗೆ ಬೇಕು ಎಂಬ ವಿವೇಕ ಇದರಲ್ಲಿದೆ.

ಶಿಕ್ಷೆಯ ಅಳತೆಯ ಬಗ್ಗೆಯೂ ಒಂದು ಪಾಠ ಲಭ್ಯವಿದೆ. ಮಹಾರಾಷ್ಟ್ರ ವಿಧಾನಸಭೆ 2021ರ ಜುಲೈನಲ್ಲಿ ಗದ್ದಲದ ಕಾರಣಕ್ಕೆ 12 ಶಾಸಕರನ್ನು ಒಂದು ವರ್ಷ ಅಮಾನತು ಮಾಡಿತು. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಅಧಿವೇಶನವನ್ನು ಮೀರಿದ ಅಮಾನತು ಸಂವಿಧಾನಬಾಹಿರ, ವಿವೇಚನೆಯಿಲ್ಲದ ಕ್ರಮ ಎಂದು ತೀರ್ಪು ಕೊಟ್ಟಿತು. ಸಭೆ ಸುಗಮವಾಗಿ ನಡೆಯಲಿ ಎಂಬುದಕ್ಕಾಗಿ ಇರುವ ಅಧಿಕಾರವನ್ನು ಆ ಸಭೆ ಮುಗಿದ ಮೇಲೂ ಎಳೆದರೆ ಅದು ಬೇರೆಯದೇ ಆದ ಶಿಕ್ಷೆಯಾಗುತ್ತದೆ. ಶಾಸನಸಭೆಯ ಕಾನೂನು ಸಂಘಕ್ಕೆ ಇದ್ದಂತೆ ಅನ್ವಯಿಸುವುದಿಲ್ಲ, ಆದರೆ ತಪ್ಪಿಗೂ ಕ್ರಮಕ್ಕೂ ಇರಬೇಕಾದ ಹೊಂದಾಣಿಕೆಯನ್ನು ತೂಗಿ ನೋಡಲು ಇದು ಒಳ್ಳೆಯ ತಕ್ಕಡಿ.

ಸಹಜ ನ್ಯಾಯ

ಈ ಪದವನ್ನು ವಕೀಲರು ದಿನವೂ ಬಳಸುತ್ತಾರೆ. ಉಳಿದವರಿಗೆ ಅದು ಭಾರವಾಗಿ ಕೇಳಿಸುತ್ತದೆ. ಅರ್ಥ ಸರಳವಿದೆ. ಒಬ್ಬರ ವಿರುದ್ಧ ತೀರ್ಮಾನ ಕೈಗೊಳ್ಳುವ ಮೊದಲು ಅವರ ಮಾತನ್ನು ಕೇಳಬೇಕು, ಮತ್ತು ಯಾರೂ ತಮ್ಮದೇ ವ್ಯಾಜ್ಯದಲ್ಲಿ ತಾವೇ ನ್ಯಾಯಾಧೀಶರಾಗಬಾರದು.

ಮೊದಲನೆಯದನ್ನು ಪಾಲಿಸಲು ಕಾರಣ ಕೇಳುವ ನೋಟಿಸು ಕೊಡಬೇಕು. ‘ನೀವು ಅಶಿಸ್ತಿನಿಂದ ವರ್ತಿಸಿದ್ದೀರಿ’ ಎಂದಷ್ಟೇ ಬರೆದ ನೋಟಿಸಿಗೆ ಉತ್ತರ ಕೊಡುವುದು ಯಾರಿಂದಲೂ ಸಾಧ್ಯವಿಲ್ಲ. ಯಾವ ದಿನ, ಯಾವ ವಿಷಯದ ಚರ್ಚೆಯಲ್ಲಿ, ಯಾವ ಮಾತು ಅಥವಾ ಕೃತ್ಯ, ಬೈಲಾದ ಯಾವ ಕಲಮಿಗೆ ವಿರುದ್ಧ, ಉತ್ತರಕ್ಕೆ ಎಷ್ಟು ದಿನ, ಯಾವ ಕ್ರಮದ ಯೋಚನೆ ಇದೆ ಎಂಬುದೆಲ್ಲ ಅದರಲ್ಲಿರಬೇಕು. ಅದಕ್ಕಾಗಿಯೇ ಸಭೆಯ ದಿನವೇ ನಡಾವಳಿಯನ್ನು ವಿವರವಾಗಿ ಬರೆದುಕೊಳ್ಳಬೇಕು. ‘ಗದ್ದಲವಾಯಿತು’ ಎಂಬ ಒಂದು ಪದ ಆರು ತಿಂಗಳ ನಂತರ ಯಾವ ಉಪಯೋಗಕ್ಕೂ ಬರುವುದಿಲ್ಲ. ಅದನ್ನು ಬರೆದವನು ನಾನೇ ಆದ್ದರಿಂದ ಖಚಿತವಾಗಿ ಹೇಳಬಲ್ಲೆ.

ಎರಡನೆಯದು ಇನ್ನೂ ಕಷ್ಟ, ಏಕೆಂದರೆ ಬೈಸಿಕೊಂಡ ಪದಾಧಿಕಾರಿಗಳೇ ಹೆಚ್ಚಾಗಿ ಕ್ರಮ ಕೈಗೊಳ್ಳುವ ಸ್ಥಾನದಲ್ಲಿರುತ್ತಾರೆ. 1969ರ ಕ್ರೈಪಾಕ್ ಪ್ರಕರಣ ಇಲ್ಲಿ ನೆನಪಿಡಬೇಕಾದದ್ದು. ಜಮ್ಮು-ಕಾಶ್ಮೀರದ ಅಧಿಕಾರಿಗಳನ್ನು ಭಾರತೀಯ ಅರಣ್ಯ ಸೇವೆಗೆ ಆರಿಸುವ ಮಂಡಳಿಯಲ್ಲಿ, ಸ್ವತಃ ಆಯ್ಕೆಯ ಸರದಿಯಲ್ಲಿದ್ದ ಅಧಿಕಾರಿಯೊಬ್ಬರೂ ಸದಸ್ಯರಾಗಿದ್ದರು. ತಮ್ಮ ಹೆಸರು ಬಂದಾಗ ಅವರು ಹೊರಗಿದ್ದರೂ ಸರ್ವೋಚ್ಚ ನ್ಯಾಯಾಲಯ ಆ ಆಯ್ಕೆಯನ್ನು ರದ್ದು ಮಾಡಿತು. ಪಕ್ಷಪಾತ ನಡೆಯಿತೆಂದು ಸಾಬೀತಾಗಬೇಕಿಲ್ಲ, ಅದು ನಡೆಯುವ ಸಂಭವ ಇದ್ದರೆ ಸಾಕು ಎಂಬುದು ಅದರ ಹಿಂದಿನ ವಿಚಾರ. ಸಣ್ಣ ಸಂಘದಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರೇ ಆಗಿರುವುದರಿಂದ ಪೂರ್ತಿ ನಿರ್ಲಿಪ್ತರು ಸಿಗಲಾರರು ನಿಜ. ಆದರೂ ಪದಾಧಿಕಾರಿಗಳಲ್ಲದ ಮೂವರು ಸದಸ್ಯರ ಶಿಸ್ತು ಸಮಿತಿಯನ್ನು ವರ್ಷದ ಆರಂಭದಲ್ಲೇ, ಯಾವ ಜಗಳವೂ ಇಲ್ಲದಾಗ ಆರಿಸಿಟ್ಟುಕೊಳ್ಳಬಹುದು. ಅದರ ತೀರ್ಮಾನದ ಮೇಲೆ ಸರ್ವಸಾಧಾರಣ ಸಭೆಗೆ ಮೇಲ್ಮನವಿ ಸಲ್ಲಿಸುವ ಅವಕಾಶವೂ ಇರಬೇಕು.

ಸಂಘದ ಕೈಮೀರಿದ ಸಂದರ್ಭ

ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳವನ್ನು ‘ಸಭೆಯ ಶಿಸ್ತು’ ಎಂದು ಒಳಗೊಳಗೇ ತೀರಿಸುವಂತಿಲ್ಲ. ಕೆಲಸದ ಸ್ಥಳದಲ್ಲಿ ಇಂಥ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಅದಿಲ್ಲದ ಕಡೆಯವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರಿಗೆ ಸಾಮಾನ್ಯ ಅವಧಿ ಮೂರು ತಿಂಗಳು. ಹಲ್ಲೆ ಮತ್ತು ಪ್ರಾಣಬೆದರಿಕೆ ಪೊಲೀಸರಿಗೆ ಸೇರಿದ ವಿಷಯ.

ಪ್ರಶ್ನೆಗೆ ಉತ್ತರ, ಮರಳಿ ಬಂದವರಿಗೆ ಜಾಗ

ನಮ್ಮ ಸಂಘದಲ್ಲಿ ಠರಾವು ಹಿಂಪಡೆದ ಮೇಲೆ ಇಬ್ಬರು ಹಿರಿಯರು ಆ ಸದಸ್ಯರ ಮನೆಗೆ ಹೋಗಿ ಕೂತು ಮಾತನಾಡಿದರು. ಆಗ ಅವರು ತಾವು ಹಿಂದಿನ ಎರಡು ವರ್ಷಗಳಲ್ಲಿ ಬರೆದ ಮೂರು ಪತ್ರಗಳ ಪ್ರತಿಯನ್ನು ತಂದು ಮುಂದಿಟ್ಟರು. ಕಟ್ಟಡ ನಿಧಿಗೆ ಬಂದ ಬ್ಯಾಂಕಿನ ಬಡ್ಡಿಯನ್ನು ಬೇರೆಯಾಗಿ ತೋರಿಸದೆ ಇತರ ಆದಾಯದಲ್ಲಿ ಸೇರಿಸಲಾಗಿದೆ ಎಂಬುದು ಅವರ ತಕರಾರು. ಲೆಕ್ಕ ನೋಡಿದರೆ ಅದು ಸರಿಯಾಗಿತ್ತು. ಮೂರೂ ಪತ್ರಗಳಿಗೆ ನಮ್ಮ ಕಚೇರಿಯಿಂದ ಉತ್ತರ ಹೋಗಿರಲಿಲ್ಲ.

ಅವರು ಖಜಾಂಚಿಯವರ ಮನೆತನದ ಬಗ್ಗೆ ಆಡಿದ ಮಾತು ಇದರಿಂದ ಸರಿಯಾಗುವುದಿಲ್ಲ. ಆ ಮಾತಿಗೆ, ಮೇಲೆ ಹೇಳಿದ ಮೆಟ್ಟಿಲುಗಳ ಕ್ರಮದಂತೆ, ಲಿಖಿತ ಎಚ್ಚರಿಕೆ ಕೊಟ್ಟೆವು, ಅವರು ಒಪ್ಪಿ ಸಹಿ ಹಾಕಿದರು. ಆದರೆ ವರ್ತನೆಗೆ ಕ್ರಮ ಕೈಗೊಂಡು ಪ್ರಶ್ನೆಯನ್ನು ಹಾಗೆಯೇ ಬಿಟ್ಟಿದ್ದರೆ, ಪ್ರಶ್ನೆ ಕೇಳಿದ್ದಕ್ಕೇ ಶಿಕ್ಷೆಯಾಯಿತೆಂದು ಉಳಿದ ಸದಸ್ಯರು ತಿಳಿಯುತ್ತಿದ್ದರು, ಹಾಗೆ ತಿಳಿಯಲು ಅವರಿಗೆ ಕಾರಣವೂ ಇರುತ್ತಿತ್ತು. ಅದಕ್ಕೇ ಎರಡು ಕಡತ ಮಾಡಿದೆವು, ಒಂದು ವರ್ತನೆಯದು, ಇನ್ನೊಂದು ಬಡ್ಡಿಯ ಲೆಕ್ಕದ್ದು.

ಮುಂದಿನ ವಾರ್ಷಿಕ ಸಭೆಯ ನೋಟಿಸಿನಲ್ಲಿ ನಾಲ್ಕನೆಯ ವಿಷಯವಾಗಿ ‘ಕಟ್ಟಡ ನಿಧಿಯ ಬಡ್ಡಿಯ ವಿವರ’ ಎಂದು ಅಚ್ಚಾಯಿತು. ಜೊತೆಗೆ ಸದಸ್ಯರು ಸಭೆಗೆ ಏಳು ದಿನ ಮೊದಲು ಪ್ರಶ್ನೆಗಳನ್ನು ಬರೆದು ಕಳಿಸಬಹುದು, ಬಂದ ಕ್ರಮದಲ್ಲೇ ಅವುಗಳಿಗೆ ಉತ್ತರಿಸಲಾಗುವುದು, ಒಬ್ಬರಿಗೆ ಒಂದು ವಿಷಯದ ಮೇಲೆ ಮೂರು ನಿಮಿಷ ಎಂಬ ಸೂಚನೆಯೂ ಇತ್ತು. ನಾಲ್ಕನೆಯ ವಿಷಯ ಬಂದಾಗ ಅಧ್ಯಕ್ಷರು ಮೊದಲು ಆ ಹಿರಿಯ ಸದಸ್ಯರ ಹೆಸರನ್ನೇ ಕರೆದರು. ಹಿಂದಿನ ವರ್ಷದ ಮಾತನ್ನು ಯಾರೂ ಎತ್ತಲಿಲ್ಲ. ಅವರು ಸ್ಟ್ಯಾಂಡಿನ ಮೈಕಿನ ಮುಂದೆ ನಿಂತು, ಅಧ್ಯಕ್ಷರ ಕಡೆಗೆ ತಿರುಗಿ, ‘ವಿವರ ನೋಡೇನ್ರಿ, ಇನ್ನೊಂದ ಅಂಕಿ ಕೇಳೂದೈತಿ’ ಎಂದು ಶುರು ಮಾಡಿದರು.